ಒಂದೇ ಸೈಟು, ಮೂರು ಕಾನ್ಫಿಗ್: ಹ್ಯೂಗೋದಲ್ಲಿ ಯಾವ ಸೆಟ್ಟಿಂಗ್ ಎಲ್ಲಿಡಬೇಕು?

ಪ್ರಶ್ನೆ: ನಮ್ಮೂರ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಹ್ಯೂಗೋದಲ್ಲಿ (ನಾವು ಬರೆದ ಲೇಖನಗಳಿಂದ ಸಿದ್ಧ ವೆಬ್ ಪುಟ ಮಾಡಿಕೊಡುವ ತಂತ್ರಾಂಶ) ಒಂದು ಸೈಟ್ ಮಾಡಿದ್ದೇನೆ. ಲ್ಯಾಪ್‌ಟಾಪಿಗೆ ಒಂದು ಕಾನ್ಫಿಗ್ ಫೈಲ್ (ಸೆಟ್ಟಿಂಗ್‌ಗಳ ಫೈಲ್), ಟೆಸ್ಟ್ ಸೈಟಿಗೆ ಇನ್ನೊಂದು, ಅಸಲಿ ಸೈಟಿಗೆ ಮತ್ತೊಂದು ಇಟ್ಟುಕೊಂಡಿದ್ದೇನೆ. ಪ್ರತಿ ಸಲ ಫೈಲಿನ ಹೆಸರು ಬದಲಿಸಿ ಬಿಲ್ಡ್ ಮಾಡಿ ಪುಟಗಳನ್ನು ತಯಾರಿಸುತ್ತೇನೆ. ಹೋದ ತಿಂಗಳು ಅಸಲಿ ಸೈಟಿನಲ್ಲಿ ಮೆನು ಒತ್ತಿದರೆ ಲೋಕಲ್‌ಹೋಸ್ಟ್ 1313ಕ್ಕೆ, ಅಂದರೆ ಲ್ಯಾಪ್‌ಟಾಪಿನ ಒಳಗಿನ ವಿಳಾಸಕ್ಕೆ ಹೋಗುತ್ತಿತ್ತು. ಅದು ಸಾಲದು ಅಂತ ಟೆಸ್ಟ್ ಸೈಟ್ ಗೂಗಲ್‌ನಲ್ಲಿ ಕಾಣಿಸುತ್ತಿದೆ. ಮೂರಕ್ಕೂ ಬೇರೆ ಬೇರೆ ಗಿಟ್ ಬ್ರಾಂಚ್ (ಅದೇ ಫೈಲುಗಳ ಬೇರೆ ಬೇರೆ ಕವಲು) ಮಾಡಿದರೆ ಸರಿಹೋಗುತ್ತದಾ? ಇಲ್ಲಾ ಇದೇ ಥರದ ಇನ್ನೊಂದು ತಂತ್ರಾಂಶ ಜೆಕಿಲ್‌ಗೆ ಹೋಗಿಬಿಡಲಾ?

ಉತ್ತರ: ಬ್ರಾಂಚ್ ಬೇಡ. ಜೆಕಿಲ್‌ಗೂ ಹೋಗಬೇಡಿ, ಈ ಕಾರಣಕ್ಕಂತೂ ಬೇಡವೇ ಬೇಡ.

ಬ್ರಾಂಚ್ ಯಾಕೆ ಬೇಡ ಅಂದರೆ, ಟೆಸ್ಟ್ ಬ್ರಾಂಚಿನಲ್ಲಿ ಬರೆದ ಲೇಖನ ಒಂದಲ್ಲ ಒಂದು ದಿನ ಮುಖ್ಯ ಬ್ರಾಂಚಿಗೆ ಬರಲೇಬೇಕು. ಮರ್ಜ್ ಮಾಡಿ ಎರಡನ್ನೂ ಸೇರಿಸಿದಾಗ ಲೇಖನದ ಜೊತೆ ಟೆಸ್ಟ್ ಕಾನ್ಫಿಗ್ ಕೂಡ ಬಂದು ಕೂರುತ್ತದೆ. ಅದನ್ನು ತಡೆಯಲು ಪ್ರತಿ ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಹತ್ತು ಸಲ ನೋಡುತ್ತೀರಿ, ಹನ್ನೊಂದನೇ ಸಲ ರಾತ್ರಿ ಹನ್ನೊಂದೂವರೆಗೆ ಮರ್ಜ್ ಮಾಡುತ್ತೀರಿ.

ನಿಮ್ಮ ಈಗಿನ ತೊಂದರೆಯ ಬೇರು ಬೇರೆ ಕಡೆ ಇದೆ. ಮೂರು ಫೈಲ್ ಇರುವುದು ತಪ್ಪಲ್ಲ. ಮೂರೂ ಪೂರ್ತಿ ಫೈಲ್ ಆಗಿರುವುದು ತಪ್ಪು. ಒಂದೊಂದರಲ್ಲಿ ಎಂಬತ್ತು ಸಾಲು ಇದೆ ಅಂದುಕೊಳ್ಳಿ. ಅದರಲ್ಲಿ ನಿಜವಾಗಿ ಬೇರೆ ಬೇರೆ ಇರುವುದು ನಾಲ್ಕೋ ಐದೋ ಸಾಲು. ಉಳಿದ ಎಪ್ಪತ್ತೈದು ಸಾಲನ್ನು ಮೂರು ಕಡೆ ನಕಲು ಮಾಡಿ ಇಟ್ಟಿದ್ದೀರಿ. ಒಂದರಲ್ಲಿ ಮೆನು ಸೇರಿಸಿದಿರಿ, ಎರಡರಲ್ಲಿ ಮರೆತಿರಿ. ಆರು ತಿಂಗಳು ಹೋದ ಮೇಲೆ ಯಾವ ವ್ಯತ್ಯಾಸ ಬೇಕಂತಲೇ ಮಾಡಿದ್ದು, ಯಾವುದು ಮರೆತು ಆಗಿದ್ದು ಅನ್ನುವುದು ನಿಮಗೇ ಗೊತ್ತಾಗುವುದಿಲ್ಲ. ಹಾಗಾಗಿ ಬೇರೆ ಇರುವ ಸಾಲುಗಳನ್ನಷ್ಟೇ ಬೇರೆ ಫೈಲಿನಲ್ಲಿಡಿ, ಉಳಿದದ್ದೆಲ್ಲ ಒಂದೇ ಕಡೆ ಇರಲಿ.

ಇದಕ್ಕೆ ಹ್ಯೂಗೋದಲ್ಲೇ ವ್ಯವಸ್ಥೆ ಇದೆ. 2018ರ ಡಿಸೆಂಬರ್‌ನಲ್ಲಿ ಬಂದ 0.53 ಆವೃತ್ತಿಯಿಂದಲೂ ಇದೆ, ಆದರೆ ಸುಮಾರು ಜನ ಹಳೆ ಪಾಠ ನೋಡಿ ಕಲಿತಿರುವುದರಿಂದ ಇದರ ತಂಟೆಗೆ ಹೋಗಿರುವುದಿಲ್ಲ. ಪ್ರಾಜೆಕ್ಟಿನ ಬುಡದಲ್ಲೇ, ಅಂದರೆ ಎಲ್ಲಕ್ಕಿಂತ ಹೊರಗಿನ ಫೋಲ್ಡರಿನಲ್ಲಿ, ‘ಕಾನ್ಫಿಗ್’ ಅಂತ ಒಂದು ಫೋಲ್ಡರ್ ಮಾಡಿ. ಅದರೊಳಗೆ ‘ಅಂಡರ್‌ಸ್ಕೋರ್ ಡಿಫಾಲ್ಟ್’, ‘ಡೆವಲಪ್‌ಮೆಂಟ್’, ‘ಸ್ಟೇಜಿಂಗ್’, ‘ಪ್ರೊಡಕ್ಷನ್’ ಅಂತ ನಾಲ್ಕು ಫೋಲ್ಡರ್. ಮೊದಲನೆಯದು ಎಲ್ಲಕ್ಕೂ ಸೇರಿದ್ದು, ಉಳಿದ ಮೂರು ಕ್ರಮವಾಗಿ ಲ್ಯಾಪ್‌ಟಾಪಿಗೆ, ಟೆಸ್ಟ್ ಸೈಟಿಗೆ, ಅಸಲಿ ಸೈಟಿಗೆ. ನಾಲ್ಕರಲ್ಲೂ ಒಂದೊಂದು ಹ್ಯೂಗೋ ಡಾಟ್ ಟಾಮಲ್ ಫೈಲ್. ಈ ಫೋಲ್ಡರ್, ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಚಿಕ್ಕಕ್ಷರದಲ್ಲೇ ಹಾಕಿ. ನಿಮ್ಮದು ಹಳೆ ಸೈಟಾದರೆ ಫೈಲಿನ ಹೆಸರು ಕಾನ್ಫಿಗ್ ಡಾಟ್ ಟಾಮಲ್ ಅಂತ ಇರಬಹುದು. 2023ರ ಜನವರಿಯ 0.110ರಿಂದ ಹ್ಯೂಗೋ ಡಾಟ್ ಟಾಮಲ್ ಅನ್ನುವುದೇ ರೂಢಿ. ಹೊಸ ಫೋಲ್ಡರಿಗೆ ಎಲ್ಲವನ್ನೂ ಸಾಗಿಸಿದ ಮೇಲೆ ಪ್ರಾಜೆಕ್ಟಿನ ಬುಡದಲ್ಲಿರುವ ಹಳೆ ಫೈಲನ್ನು ಅಳಿಸಿ. ಎರಡೂ ಕಡೆ ಇಟ್ಟುಕೊಂಡರೆ ಯಾವ ಸೆಟ್ಟಿಂಗ್ ಎಲ್ಲಿಂದ ಬಂತು ಅಂತ ಹುಡುಕುತ್ತಾ ಒಂದು ಭಾನುವಾರ ಹಾಳು.

ಹ್ಯೂಗೋ ಮಾಡುವುದು ಇಷ್ಟೇ. ಮೊದಲು ಡಿಫಾಲ್ಟ್ ಫೋಲ್ಡರ್ ಓದುತ್ತದೆ. ಆಮೇಲೆ ಆಗ ಯಾವ ಎನ್ವಿರಾನ್ಮೆಂಟ್ (ಲ್ಯಾಪ್‌ಟಾಪಾ, ಟೆಸ್ಟಾ, ಅಸಲಿಯಾ ಅನ್ನುವುದು) ನಡೆಯುತ್ತಿದೆಯೋ ಆ ಹೆಸರಿನ ಫೋಲ್ಡರ್ ಓದಿ, ಮೊದಲು ಓದಿದ್ದರ ಮೇಲೆ ಹೊದಿಸುತ್ತದೆ. ಉಳಿದ ಎರಡು ಫೋಲ್ಡರಿನ ಕಡೆ ತಿರುಗಿಯೂ ನೋಡುವುದಿಲ್ಲ.

ನಿಮ್ಮ ಸೈಟಿಗೆ ನಾನಾಗಿದ್ದರೆ ಹೀಗೆ ಹಂಚುತ್ತಿದ್ದೆ. ಡಿಫಾಲ್ಟ್‌ನಲ್ಲಿ ಸೈಟಿನ ಹೆಸರು, ಭಾಷೆ, ಥೀಮ್, ಮೆನು, ಟೈಮ್ ಝೋನ್, ಪುಟಗಳ ವಿಳಾಸ ಹೇಗಿರಬೇಕು ಅನ್ನುವ ಸೆಟ್ಟಿಂಗ್ ಎಲ್ಲ. ಡೆವಲಪ್‌ಮೆಂಟ್‌ನಲ್ಲಿ ಎರಡೇ ಸಾಲು: ಬಿಲ್ಡ್ ಡ್ರಾಫ್ಟ್ಸ್ ಟ್ರೂ, ಬಿಲ್ಡ್ ಫ್ಯೂಚರ್ ಟ್ರೂ. ಇದರಿಂದ ಕರಡು ಲೇಖನಗಳೂ, ಮುಂದಿನ ತಾರೀಖು ಹಾಕಿರುವ ಲೇಖನಗಳೂ ಲ್ಯಾಪ್‌ಟಾಪಿನಲ್ಲಿ ಕಾಣುತ್ತವೆ, ಪ್ರತಿ ಸಲ ಆಜ್ಞೆಯ ಜೊತೆ ಅದನ್ನು ಟೈಪ್ ಮಾಡುವ ಗೋಳಿಲ್ಲ. ಸ್ಟೇಜಿಂಗ್‌ನಲ್ಲಿ ಟೆಸ್ಟ್ ಸೈಟಿನ ಬೇಸ್ ಯುಆರ್‌ಎಲ್ (ಸೈಟಿನ ಮೂಲ ವಿಳಾಸ) ಮತ್ತು ಬಿಲ್ಡ್ ಡ್ರಾಫ್ಟ್ಸ್. ಪ್ರೊಡಕ್ಷನ್‌ನಲ್ಲಿ ಅಸಲಿ ಬೇಸ್ ಯುಆರ್‌ಎಲ್ ಮತ್ತು ಅನಲಿಟಿಕ್ಸ್ ಐಡಿ (ಓದುಗರ ಲೆಕ್ಕ ಇಡುವ ಸೇವೆಯ ಗುರುತು). ಮುಗಿಯಿತು. ಈ ಮೂರರಲ್ಲಿ ಯಾವುದಾದರೂ ಹತ್ತು ಸಾಲು ದಾಟಿತು ಅಂದರೆ ಡಿಫಾಲ್ಟ್‌ಗೆ ಸೇರಬೇಕಾದ್ದು ಏನೋ ಅಲ್ಲಿ ನುಗ್ಗಿದೆ ಅಂತ ಅನುಮಾನ ಪಡಿ.

ಲೋಕಲ್‌ಹೋಸ್ಟ್ 1313 ಅಂತ ಯಾವ ಫೈಲಿನಲ್ಲೂ ಬರೆಯಬೇಕಿಲ್ಲ, ಗಮನಿಸಿ. ಲ್ಯಾಪ್‌ಟಾಪಿನಲ್ಲೇ ಸೈಟ್ ತೋರಿಸುವ ಆಜ್ಞೆ ಹ್ಯೂಗೋ ಸರ್ವರ್ ಅಂತ ಕೊಟ್ಟರೆ ಅದು ಬೇಸ್ ಯುಆರ್‌ಎಲ್ ಅನ್ನು ತಾನೇ ಬದಲಿಸಿಕೊಳ್ಳುತ್ತದೆ. ನಿಮ್ಮ ಲ್ಯಾಪ್‌ಟಾಪ್ ಫೈಲಿನಲ್ಲಿ ಆ ಸಾಲು ಸುಮ್ನೆ ಕೂತಿತ್ತು, ಮತ್ತು ಅದೇ ಅಸಲಿ ಸೈಟಿಗೆ ಹೋಗಿರುವ ಸಾಧ್ಯತೆ ಜಾಸ್ತಿ.

ಖಚಿತ ಮಾಡಿಕೊಳ್ಳಲು ಒಂದು ದಾರಿ ಇದೆ. ಕೆಟ್ಟ ಪುಟದ ಪ್ರತಿ ಎಲ್ಲಾದರೂ ಉಳಿದಿದ್ದರೆ ಅದರ ಸೋರ್ಸ್ ತೆಗೆದು ‘ಲೈವ್‌ರೀಲೋಡ್’ ಅಂತ ಹುಡುಕಿ. ಸಿಕ್ಕಿದರೆ ಆ ಪುಟ ಹುಟ್ಟಿದ್ದು ಹ್ಯೂಗೋ ಸರ್ವರ್‌ನಿಂದ, ಯಾಕೆಂದರೆ ಆ ಸ್ಕ್ರಿಪ್ಟನ್ನು ಪುಟಕ್ಕೆ ತುರುಕುವುದು ಸರ್ವರ್ ಮಾತ್ರ. ಅಂದರೆ ಸರ್ವರ್ ಓಡುತ್ತಿದ್ದಾಗ ಪಬ್ಲಿಕ್ ಫೋಲ್ಡರಿನಲ್ಲಿ ಬಿದ್ದ ಪುಟಗಳನ್ನೇ ಅಪ್‌ಲೋಡ್ ಮಾಡಿದ್ದೀರಿ. ಸಿಗದಿದ್ದರೆ ತಪ್ಪು ಫೈಲ್ ಇಟ್ಟು ಬಿಲ್ಡ್ ಮಾಡಿದ್ದೀರಿ. ಎರಡಕ್ಕೂ ಮದ್ದು ಒಂದೇ: ಅಪ್‌ಲೋಡ್‌ಗೆ ಮುಂಚೆ ಪಬ್ಲಿಕ್ ಫೋಲ್ಡರನ್ನು ಪೂರ್ತಿ ಅಳಿಸಿ, ಹೊಸದಾಗಿ ಬಿಲ್ಡ್ ಮಾಡಿ. ಹ್ಯೂಗೋ ಆ ಫೋಲ್ಡರನ್ನು ತಾನಾಗಿ ಗುಡಿಸುವುದಿಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಕರಡು ಸೇರಿಸಿ ಒಮ್ಮೆ ಬಿಲ್ಡ್ ಮಾಡಿದಿರಿ, ಆಮೇಲೆ ಕರಡು ಬಿಟ್ಟು ಇನ್ನೊಮ್ಮೆ ಮಾಡಿದಿರಿ ಅಂದುಕೊಳ್ಳಿ. ಮೊದಲ ಸಲದ ಕರಡು ಪುಟ ಹಾಗೇ ಅಲ್ಲೇ ಕೂತಿರುತ್ತದೆ, ಅಪ್‌ಲೋಡೂ ಆಗುತ್ತದೆ.

ಈಗ ಎಡವುವ ಜಾಗಕ್ಕೆ ಬರೋಣ. ಬರೀ ಹ್ಯೂಗೋ ಅಂತ ಕೊಟ್ಟರೆ ಎನ್ವಿರಾನ್ಮೆಂಟ್ ಪ್ರೊಡಕ್ಷನ್. ಹ್ಯೂಗೋ ಸರ್ವರ್ ಅಂತ ಕೊಟ್ಟರೆ ಡೆವಲಪ್‌ಮೆಂಟ್. ಇವೆರಡು ತಾನಾಗಿ ಆಗುತ್ತವೆ. ಸ್ಟೇಜಿಂಗ್ ಮಾತ್ರ ತಾನಾಗಿ ಎಂದೂ ಆಗುವುದಿಲ್ಲ, ನೀವೇ ಹೇಳಬೇಕು. ಆಜ್ಞೆಯ ಕೊನೆಗೆ ಎರಡು ಅಡ್ಡಗೆರೆ ಹಾಕಿ ಎನ್ವಿರಾನ್ಮೆಂಟ್ ಸ್ಟೇಜಿಂಗ್ ಅಂತ ಬರೆಯಬಹುದು, ಚಿಕ್ಕದಾಗಿ ಅಡ್ಡಗೆರೆ ಇ ಅಂದರೂ ನಡೆಯುತ್ತದೆ. ಇಲ್ಲವೇ ಹ್ಯೂಗೋ ಅಂಡರ್‌ಸ್ಕೋರ್ ಎನ್ವಿರಾನ್ಮೆಂಟ್ (ಇದು ಪೂರ್ತಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿ) ಅನ್ನುವ ವೇರಿಯಬಲ್ಲಿಗೆ, ಅಂದರೆ ಫೈಲುಗಳ ಹೊರಗೆ ಸಿಸ್ಟಂನಲ್ಲಿ ಇಡುವ ಸೆಟ್ಟಿಂಗಿಗೆ, ಆ ಹೆಸರು ಕೊಡಬಹುದು. ಬಿಲ್ಡ್ ಆಗುವುದು ನೆಟ್ಲಿಫೈ, ಕ್ಲೌಡ್‌ಫ್ಲೇರ್ ಪೇಜಸ್ ಥರದ ಹೋಸ್ಟಿಂಗ್ ಸೇವೆಯಲ್ಲಾದರೆ ಎರಡನೇ ದಾರಿಯೇ ಒಳ್ಳೆಯದು. ಪ್ರೊಡಕ್ಷನ್‌ಗೆ ಒಂದು, ಪ್ರಿವ್ಯೂಗೆ ಒಂದು ಅಂತ ವೇರಿಯಬಲ್ ಬೇರೆ ಬೇರೆ ಇಡಲು ಎರಡೂ ಕಡೆ ಅವಕಾಶ ಇದೆ. ಒಮ್ಮೆ ಇಟ್ಟರೆ ಮರೆಯುವ ಪ್ರಶ್ನೆಯೇ ಇಲ್ಲ.

ಇನ್ನೊಂದು ತಮಾಷೆ ಇದೆ. ಸ್ಟೇಜಿಂಗ್ ಅನ್ನುವ ಕಡೆ ಒಂದಕ್ಷರ ಬಿಟ್ಟು ಟೈಪ್ ಮಾಡಿ ನೋಡಿ. ಹ್ಯೂಗೋ ಕಮಕ್ ಕಿಮಕ್ ಅನ್ನುವುದಿಲ್ಲ. ಆ ಹೆಸರಿನ ಫೋಲ್ಡರ್ ಇಲ್ಲ ಅಂತ ಎಚ್ಚರಿಸುವುದೂ ಇಲ್ಲ. ಬರೀ ಡಿಫಾಲ್ಟ್ ಓದಿಕೊಂಡು ನೀಟಾಗಿ ಬಿಲ್ಡ್ ಮಾಡಿ ಕೊಡುತ್ತದೆ. ಆದ್ದರಿಂದ ಡಿಫಾಲ್ಟ್‌ನಲ್ಲಿ ಅಸಲಿ ವಿಳಾಸ ಇಡಬೇಡಿ. ನಾನು ಅಲ್ಲಿ ಬೇಕಂತಲೇ ಎಲ್ಲೂ ಇಲ್ಲದ ಒಂದು ಸುಳ್ಳು ವಿಳಾಸ ಹಾಕುತ್ತೇನೆ. ಎನ್ವಿರಾನ್ಮೆಂಟ್ ಹೆಸರು ತಪ್ಪಿದರೆ ಎಲ್ಲ ಲಿಂಕೂ ಕೆಡುತ್ತವೆ, ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ತಪ್ಪು ಆಗಲೇಬೇಕಿದ್ದರೆ ಜೋರಾಗಿ ಸದ್ದು ಮಾಡಿಕೊಂಡೇ ಆಗಲಿ, ಅಲ್ವಾ?

ಸದ್ದಿಲ್ಲದ ತಪ್ಪು ಎಷ್ಟು ದುಬಾರಿ ಅಂತ ನನಗೆ ಒಂದು ಸಲ ಚೆನ್ನಾಗಿ ಗೊತ್ತಾಗಿದೆ. ಕೆಲವು ವರ್ಷದ ಹಿಂದೆ ಒಂದು ಚಿಕ್ಕ ಪ್ರಕಾಶನದ ಸೈಟ್ ಮಾಡಿಕೊಟ್ಟಿದ್ದೆ. ಟೆಸ್ಟ್ ಸೈಟ್ ಗೂಗಲ್‌ಗೆ ಸಿಗಬಾರದು ಅಂತ ಕಾನ್ಫಿಗ್‌ನಲ್ಲಿ ‘ನೋಇಂಡೆಕ್ಸ್ ಟ್ರೂ’ ಅಂತ ಒಂದು ಪ್ಯಾರಾಮೀಟರ್ ಇಟ್ಟಿದ್ದೆ. ನನ್ನದೂ ಆಗ ನಿಮ್ಮ ಹಾಗೆಯೇ ನಕಲು ಮಾಡುವ ಪದ್ಧತಿ. ಒಂದು ದಿನ ಟೆಸ್ಟ್ ಫೈಲಿನಲ್ಲಿ ಹೊಸ ಮೆನು ಚೆನ್ನಾಗಿ ಬಂತು ಅಂತ ಇಡೀ ಫೈಲನ್ನೇ ಅಸಲಿ ಫೈಲಿನ ಮೇಲೆ ನಕಲು ಮಾಡಿ, ಬೇಸ್ ಯುಆರ್‌ಎಲ್ ಒಂದನ್ನು ತಿದ್ದಿ ಬಿಟ್ಟೆ. ಸೈಟ್ ನೋಡಲು ಚೆನ್ನಾಗಿಯೇ ಇತ್ತು. ಎಲ್ಲ ಲಿಂಕೂ ಸರಿ. ಮೂರು ವಾರದ ಮೇಲೆ ಅವರಿಂದ ಫೋನು: ‘ನಮ್ಮ ಹೆಸರು ಹೊಡೆದರೂ ನಮ್ಮ ಸೈಟು ಬರುತ್ತಿಲ್ಲವಲ್ಲ?’ ಒಂದೇ ಒಂದು ಸಾಲು, ಕಣ್ಣಿಗೆ ಕಾಣದ ಸಾಲು.

ಅವತ್ತಿನಿಂದ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಒಂದು, ನೋಇಂಡೆಕ್ಸ್ ಅನ್ನು ಕಾನ್ಫಿಗ್‌ನಲ್ಲಿ ಇಡುವುದಿಲ್ಲ. ಹೆಡ್ ಟೆಂಪ್ಲೇಟಿನಲ್ಲೇ (ಎಲ್ಲ ಪುಟಗಳ ತಲೆಭಾಗದ ಅಚ್ಚು) ಹ್ಯೂಗೋ ಡಾಟ್ ಈಸ್‌ಪ್ರೊಡಕ್ಷನ್ ಕೇಳುತ್ತೇನೆ. ಅಲ್ಲ ಅಂದರೆ ನೋಇಂಡೆಕ್ಸ್ ಟ್ಯಾಗ್, ಹೌದು ಅಂದರೆ ಏನೂ ಇಲ್ಲ. ನಕಲು ಮಾಡಿ ಕೆಡಿಸಲು ಅಲ್ಲಿ ಸಾಲೇ ಇಲ್ಲ. ಎರಡು, ಪ್ರೊಡಕ್ಷನ್ ಅಲ್ಲದ ಎಲ್ಲ ಕಡೆ ಪುಟದ ತಲೆಯ ಮೇಲೆ ಒಂದು ಗಾಢ ಹಳದಿ ಪಟ್ಟಿ, ಅದರ ಮೇಲೆ ಹ್ಯೂಗೋ ಡಾಟ್ ಎನ್ವಿರಾನ್ಮೆಂಟ್ ಕೊಡುವ ಹೆಸರು. ನೋಡಲು ಚೆನ್ನಾಗಿಲ್ಲ, ಇರಲೂಬಾರದು.

ಆದರೆ ಟೆಂಪ್ಲೇಟಿನ ತುಂಬಾ ಈ ಥರ ‘ಇದು ಪ್ರೊಡಕ್ಷನ್ನಾ, ಇದು ಸ್ಟೇಜಿಂಗಾ’ ಅಂತ ಕೇಳುತ್ತಾ ಹೋಗಬೇಡಿ. ಅನಲಿಟಿಕ್ಸ್‌ಗೆ, ಕಾಮೆಂಟ್ ಪೆಟ್ಟಿಗೆಗೆ, ದೇಣಿಗೆ ಬಟನ್ನಿಗೆ ಪ್ರಶ್ನೆ ಬೇರೆ ಥರ ಇರಲಿ: ‘ಐಡಿ ಇದೆಯಾ?’ ಇದ್ದರೆ ತೋರಿಸು, ಇಲ್ಲದಿದ್ದರೆ ಬಿಡು. ಹ್ಯೂಗೋ ಟೆಂಪ್ಲೇಟಿನಲ್ಲಿ ವಿತ್ ಅನ್ನುವ ಪದ ಇರುವುದೇ ಇದಕ್ಕೆ. ಐಡಿ ಪ್ರೊಡಕ್ಷನ್ ಫೋಲ್ಡರಿನಲ್ಲಿ ಮಾತ್ರ ಇದ್ದರೆ ಉಳಿದ ಕಡೆ ಅದು ತಾನಾಗಿಯೇ ಮಾಯ. ನಾಳೆ ನಾಲ್ಕನೇ ಎನ್ವಿರಾನ್ಮೆಂಟ್ ಬಂದರೂ ಟೆಂಪ್ಲೇಟ್ ಮುಟ್ಟಬೇಕಿಲ್ಲ.

ಡಿಫಾಲ್ಟ್ ಫೈಲ್ ತುಂಬಾ ಉದ್ದ ಆದರೆ ಅದನ್ನೂ ಒಡೆಯಬಹುದು. ಪ್ಯಾರಾಮ್ಸ್ ಡಾಟ್ ಟಾಮಲ್, ಮೆನೂಸ್ ಡಾಟ್ ಟಾಮಲ್ ಅಂತ ಬೇರೆ ಬೇರೆ. ಹಾಗೆ ಒಡೆದಾಗ ಪ್ಯಾರಾಮ್ಸ್ ಫೈಲಿನ ಒಳಗೆ ಚೌಕ ಆವರಣದ ಪ್ಯಾರಾಮ್ಸ್ ಶೀರ್ಷಿಕೆ ಬರೆಯಬೇಡಿ, ಫೈಲಿನ ಹೆಸರೇ ಶೀರ್ಷಿಕೆ. ಹಳೆ ಫೈಲಿನಿಂದ ಕತ್ತರಿಸಿ ಅಂಟಿಸುವವರು ಮೊದಲ ದಿನ ಎಡವುವುದು ಇಲ್ಲೇ. ಶೀರ್ಷಿಕೆಯೂ ಸೇರಿ ಬಂದರೆ ಪ್ಯಾರಾಮ್ಸ್ ಒಳಗೆ ಇನ್ನೊಂದು ಪ್ಯಾರಾಮ್ಸ್ ಹುಟ್ಟಿಕೊಂಡು ಸೈಟಿನ ಲೋಗೋ, ಬಣ್ಣ ಎಲ್ಲ ನಾಪತ್ತೆ ಆಗಬಹುದು.

ಹೊದಿಸುವುದರ ಬಗ್ಗೆ ಹೇಳಿದೆನಲ್ಲ, ಅದರಲ್ಲೂ ಒಂದು ಸೂಕ್ಷ್ಮ ಇದೆ. ಸೆಟ್ಟಿಂಗಿನ ಹೆಸರು ಮತ್ತು ಅದರ ಮೌಲ್ಯದ ಜೋಡಿಗಳು ಒಂದೊಂದಾಗಿ ಬೆರೆಯುತ್ತವೆ. ಡಿಫಾಲ್ಟ್‌ನಲ್ಲಿ ಹತ್ತು ಪ್ಯಾರಾಮೀಟರ್ ಇದ್ದು ಸ್ಟೇಜಿಂಗ್‌ನಲ್ಲಿ ಒಂದನ್ನು ಬರೆದರೆ ಉಳಿದ ಒಂಬತ್ತು ಹಾಗೇ ಇರುತ್ತವೆ. ಪಟ್ಟಿಗಳು ಹಾಗಲ್ಲ. ಪಟ್ಟಿ ಬೆರೆಯುವುದಿಲ್ಲ, ಪೂರ್ತಿ ಬದಲಾಗುತ್ತದೆ. ಡಿಫಾಲ್ಟ್‌ನ ಮೆನುವಿನಲ್ಲಿ ಆರು ಐಟಂ ಇದ್ದು, ಸ್ಟೇಜಿಂಗ್‌ನ ಅದೇ ಮೆನುವಿನಲ್ಲಿ ‘ಕರಡುಗಳು’ ಅಂತ ಒಂದನ್ನು ಮಾತ್ರ ಬರೆದರೆ ಟೆಸ್ಟ್ ಸೈಟಿನಲ್ಲಿ ಏಳು ಐಟಂ ಬರುವುದಿಲ್ಲ, ಒಂದೇ ಬರುತ್ತದೆ. ಅದಕ್ಕೇ ಮೆನುವನ್ನು ಡಿಫಾಲ್ಟ್ ಬಿಟ್ಟು ಬೇರೆಲ್ಲೂ ಮುಟ್ಟಬೇಡಿ ಅನ್ನುತ್ತೇನೆ.

ಡಿಫಾಲ್ಟ್‌ನಲ್ಲಿಯೇ ಇರಬೇಕು, ಎನ್ವಿರಾನ್ಮೆಂಟಿನಿಂದ ಎನ್ವಿರಾನ್ಮೆಂಟಿಗೆ ಬದಲಾಗಲೇಬಾರದು ಅನ್ನುವಂಥವು ಎರಡಿವೆ. ಮೊದಲನೆಯದು ಟೈಮ್ ಝೋನ್. ಏಷ್ಯಾ ಕೋಲ್ಕತಾ ಅಂತ ಬರೆದುಬಿಡಿ. ಬರೆಯದಿದ್ದರೆ ಏನಾಗುತ್ತದೆ ಗೊತ್ತಾ? ಲೇಖನಕ್ಕೆ ‘ಆಗಸ್ಟ್ 15, ಬೆಳಗ್ಗೆ 6’ ಅಂತ ಸಮಯ ಹಾಕಿರುತ್ತೀರಿ, ಯಾವ ದೇಶದ 6 ಅಂತ ಹೇಳಿರುವುದಿಲ್ಲ. ಹ್ಯೂಗೋ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಅಂದುಕೊಳ್ಳುತ್ತದೆ. ಅಂದರೆ ನಮ್ಮ ಗಡಿಯಾರದಲ್ಲಿ 11 ಗಂಟೆ 30 ನಿಮಿಷ. ಅಷ್ಟರೊಳಗೆ ಬಿಲ್ಡ್ ಮಾಡಿದರೆ ಆ ಲೇಖನ ‘ಮುಂದಿನದು’, ಅಸಲಿ ಸೈಟಿನಲ್ಲಿ ಬರುವುದೇ ಇಲ್ಲ. ಡೆವಲಪ್‌ಮೆಂಟ್‌ನಲ್ಲಿ ಬಿಲ್ಡ್ ಫ್ಯೂಚರ್ ಇರುವುದರಿಂದ ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ! ‘ನನ್ನಲ್ಲಿ ಬರ್ತಾ ಇದೆ, ಅಲ್ಲಿ ಯಾಕೆ ಬರ್ತಿಲ್ಲ’ ಅನ್ನುವ ಜಗಳ ಶುರುವಾಗುವುದು ಹೀಗೆ.

ಎರಡನೆಯದು ಪುಟದ ವಿಳಾಸ. ಕನ್ನಡದವರಿಗೆ ಇಲ್ಲೊಂದು ಹಳ್ಳ ಇದೆ. ‘ರಿಮೂವ್ ಪಾತ್ ಆ್ಯಕ್ಸೆಂಟ್ಸ್’ ಅಂತ ಒಂದು ಸೆಟ್ಟಿಂಗ್, ಫ್ರೆಂಚ್ ಥರದ ಭಾಷೆಗಳ ಅಕ್ಷರದ ಮೇಲಿನ ಚಿಹ್ನೆಗಳನ್ನು ವಿಳಾಸದಿಂದ ತೆಗೆಯಲು ಇರುವುದು. ಅದನ್ನು ಟ್ರೂ ಮಾಡಿ ಕನ್ನಡದಲ್ಲೇ ಫೈಲಿನ ಹೆಸರು ಕೊಟ್ಟರೆ, ಯೂನಿಕೋಡ್ ಲೆಕ್ಕದಲ್ಲಿ ನಮ್ಮ ವಿರಾಮ (ಒತ್ತಕ್ಷರ ಮಾಡುವ ‘್’ ಗುರುತು) ಮತ್ತು ಇಕಾರದಂಥ ಕೆಲವು ಸ್ವರಚಿಹ್ನೆಗಳೂ ಅದೇ ಜಾತಿಗೆ ಸೇರುವುದರಿಂದ ಅವೂ ಹಾರಿಹೋಗುತ್ತವೆ. ‘ಕನ್ನಡ’ ಹೋಗಿ ‘ಕನನಡ’ ಆಗುತ್ತದೆ. ಯಾರೋ ಹಂಚಿಕೊಂಡ ಕಾನ್ಫಿಗ್ ಫೈಲನ್ನು ಹಾಗೇ ಎತ್ತಿ ಹಾಕುವ ಮುಂಚೆ ಈ ಸಾಲು ಇದೆಯಾ ನೋಡಿ.

ವಿಳಾಸದ ಮಾತು ಬಂದಿತಲ್ಲ, ಟೆಸ್ಟ್ ಸೈಟನ್ನು ಅಸಲಿ ಸೈಟಿನ ಒಳಗೊಂದು ಫೋಲ್ಡರಿನಲ್ಲಿ ಇಡಬೇಡಿ, ಸಬ್‌ಡೊಮೇನ್ ಮಾಡಿ. ಫೋಲ್ಡರಿನಲ್ಲಿಟ್ಟರೆ ಓರೆಗೆರೆಯಿಂದ ಶುರುವಾಗುವ ಚಿತ್ರದ ವಿಳಾಸಗಳೆಲ್ಲ ಆ ಫೋಲ್ಡರನ್ನು ಬಿಟ್ಟು ಡೊಮೇನಿನ ಬುಡಕ್ಕೆ ಹೋಗಿ ಹುಡುಕುತ್ತವೆ. ಒಂದು ಕಡೆ ಚಿತ್ರ ಬರುತ್ತದೆ, ಇನ್ನೊಂದು ಕಡೆ ಬರುವುದಿಲ್ಲ, ಮತ್ತೆ ಕಾನ್ಫಿಗ್ ಮೇಲೆ ಅನುಮಾನ.

ಪಾಸ್‌ವರ್ಡ್, ಗುಟ್ಟಿನ ಕೀಲಿ ಇವೆಲ್ಲ ಎಲ್ಲಿಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹ್ಯೂಗೋ ಮಾಡುವಂಥ ಸ್ಟ್ಯಾಟಿಕ್ ಸೈಟಿನಲ್ಲಿ (ಪುಟಗಳನ್ನು ಮೊದಲೇ ತಯಾರಿಸಿಟ್ಟ ಸೈಟು) ಟೆಂಪ್ಲೇಟ್ ಬರೆದದ್ದೆಲ್ಲ ಎಚ್‌ಟಿಎಂಎಲ್ ಆಗಿ ಊರಿಗೆಲ್ಲ ಕಾಣುತ್ತದೆ. ಪ್ರೊಡಕ್ಷನ್ ಫೋಲ್ಡರಿನಲ್ಲಿದೆ ಅಂದ ಮಾತ್ರಕ್ಕೆ ಅದು ಗುಟ್ಟಾಗುವುದಿಲ್ಲ. ಬಿಲ್ಡ್ ಆಗುವಾಗ ಎಲ್ಲಿಂದಲೋ ಮಾಹಿತಿ ತರಲು ಮಾತ್ರ ಕೀಲಿ ಬೇಕಿದ್ದರೆ ಅದನ್ನು ಎನ್ವಿರಾನ್ಮೆಂಟ್ ವೇರಿಯಬಲ್ ಮಾಡಿ, ಗಿಟ್‌ಗೆ ಹಾಕಬೇಡಿ. ಅದರ ಹೆಸರು ಹ್ಯೂಗೋ ಅಂಡರ್‌ಸ್ಕೋರ್ ಅಂತ ಶುರುವಾಗಲಿ. ಹ್ಯೂಗೋ ಟೆಂಪ್ಲೇಟಿಗೆ ಅಂಥ ಹೆಸರಿನವು, ಜೊತೆಗೆ ಸಿಐ ಅನ್ನುವ ಒಂದು, ಇಷ್ಟನ್ನು ಮಾತ್ರ ಓದಲು ಬಿಡುತ್ತದೆ. ಉಳಿದವು ಬೇಕಿದ್ದರೆ ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಹೇಳಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಕಣ್ಣಾರೆ ನೋಡಿ. ಹ್ಯೂಗೋ ಕಾನ್ಫಿಗ್ ಅಂತ ಒಂದು ಆಜ್ಞೆ ಇದೆ. ಎಲ್ಲ ಫೋಲ್ಡರ್, ಥೀಮ್, ವೇರಿಯಬಲ್ ಬೆರೆತ ಮೇಲೆ ಕೊನೆಗೆ ಏನು ಉಳಿಯಿತು ಅಂತ ಅದು ಮುದ್ರಿಸುತ್ತದೆ. ಪ್ರೊಡಕ್ಷನ್‌ಗೆ ಒಮ್ಮೆ, ಸ್ಟೇಜಿಂಗ್‌ಗೆ ಒಮ್ಮೆ ಕೊಟ್ಟು ಎರಡು ಫೈಲಿಗೆ ಉಳಿಸಿ, ಡಿಫ್ ಹಾಕಿ ಹೋಲಿಸಿ. ನಾಲ್ಕೈದು ಸಾಲಿನ ವ್ಯತ್ಯಾಸ ಬಂದರೆ ಸರಿ. ನಲವತ್ತು ಬಂದರೆ ಕಾಫಿ ಮಾಡಿಕೊಂಡು ಕೂತು ಓದಿ. ಹಳೆಯ ಮೂರು ಫೈಲಿನಿಂದ ಹೊಸದಕ್ಕೆ ಬರುವಾಗಲೂ ಇದನ್ನೇ ಬಳಸಿ: ಮೊದಲು ಹಳೆ ಅಸಲಿ ಫೈಲಿನ ಔಟ್‌ಪುಟ್ ತೆಗೆದಿಟ್ಟುಕೊಳ್ಳಿ, ಸಾಗಿಸಿದ ಮೇಲೆ ಹೊಸ ಪ್ರೊಡಕ್ಷನ್ ಔಟ್‌ಪುಟ್ ಜೊತೆ ಹೋಲಿಸಿ.

ಜೆಕಿಲ್ ಬಗ್ಗೆ ಕೇಳಿದಿರಿ. ಅಲ್ಲಿ ಇಂಥ ಫೋಲ್ಡರ್ ವ್ಯವಸ್ಥೆಯೇ ಇಲ್ಲ. ಬಿಲ್ಡ್ ಮಾಡುವಾಗ ಎರಡು ಫೈಲಿನ ಹೆಸರನ್ನು ಅಲ್ಪವಿರಾಮ ಹಾಕಿ ಕೊಡಬೇಕು, ನಂತರ ಬಂದದ್ದು ಮೊದಲಿನದನ್ನು ಮೀರುತ್ತದೆ. ಜೆಕಿಲ್ ಅಂಡರ್‌ಸ್ಕೋರ್ ಎನ್ವ್ ಅನ್ನುವ ವೇರಿಯಬಲ್ ಇದೆ ನಿಜ, ಆದರೆ ಅದು ಟೆಂಪ್ಲೇಟಿಗೆ ಹೆಸರು ತಿಳಿಸುತ್ತದೆಯೇ ಹೊರತು ಕಾನ್ಫಿಗ್ ಫೈಲ್ ಆರಿಸುವುದಿಲ್ಲ. ಮೇಲಾಗಿ ಅಲ್ಲಿ ಏನೂ ಹೇಳದಿದ್ದರೆ ಬಿಲ್ಡ್ ಕೂಡ ಡೆವಲಪ್‌ಮೆಂಟೇ, ಹ್ಯೂಗೋಗೆ ಪೂರ್ತಿ ಉಲ್ಟಾ. ನಿಮಗೆ ಅಲ್ಲಿ ಸುಲಭ ಆಗುವಂಥದ್ದು ಏನೂ ಕಾಣುತ್ತಿಲ್ಲ.

ಕೊನೆಗೆ ಗೂಗಲ್‌ನಲ್ಲಿ ಈಗಾಗಲೇ ಕೂತಿರುವ ಟೆಸ್ಟ್ ಸೈಟ್. ಎಲ್ಲರಿಗೂ ಮೊದಲು ಹೊಳೆಯುವುದು ರೋಬೋಟ್ಸ್ ಫೈಲಿನಲ್ಲಿ (ಸರ್ಚ್ ಎಂಜಿನ್‌ಗಳಿಗೆ ಸೂಚನೆ ಕೊಡುವ ಫೈಲ್) ಡಿಸ್‌ಅಲೋ ಹಾಕೋಣ ಅಂತ. ಈಗ ಅದನ್ನು ಮಾಡಬೇಡಿ. ಒಳಗೆ ಬರಬೇಡ ಅಂತ ಬಾಗಿಲು ಹಾಕಿದರೆ ಗೂಗಲ್ ಪುಟ ತೆರೆಯುವುದಿಲ್ಲ, ತೆರೆಯದಿದ್ದರೆ ಒಳಗಿರುವ ನೋಇಂಡೆಕ್ಸ್ ಟ್ಯಾಗ್ ಅದಕ್ಕೆ ಕಾಣುವುದಿಲ್ಲ, ವಿಳಾಸ ಪಟ್ಟಿಯಲ್ಲಿ ಉಳಿದೇ ಇರಬಹುದು. ಬಾಗಿಲು ತೆಗೆದಿಟ್ಟು ನೋಇಂಡೆಕ್ಸ್ ತೋರಿಸಿ, ಇಲ್ಲವೇ ಟೆಸ್ಟ್ ಸೈಟಿಗೆ ಪಾಸ್‌ವರ್ಡ್ ಹಾಕಿ. ನನ್ನ ಕೇಳಿದರೆ ಪಾಸ್‌ವರ್ಡೇ ಸರಿ, ಸಂಘದ ಐದಾರು ಜನ ತಾನೆ ನೋಡುವವರು. ಬೇಗ ಮರೆಯಾಗಬೇಕಿದ್ದರೆ ಗೂಗಲ್‌ನದೇ ಸರ್ಚ್ ಕನ್ಸೋಲಿನ ರಿಮೂವಲ್ಸ್‌ನಲ್ಲಿ ಆ ಸಬ್‌ಡೊಮೇನ್ ಕೊಡಿ. ಅದು ಸುಮಾರು ಆರು ತಿಂಗಳು ಮಾತ್ರ ಮರೆಮಾಡುತ್ತದೆ, ಅಷ್ಟರೊಳಗೆ ಪಾಸ್‌ವರ್ಡ್ ಅಥವಾ ನೋಇಂಡೆಕ್ಸ್ ಹಾಕಿರಲೇಬೇಕು.